ಆಟಿಸಂ ಮತ್ತು ಮೊದಲ ಆರು ತಿಂಗಳು: ಆಮಿ ಕ್ಲಿನ್ ಸಂಶೋಧನೆ ನಿಜವಾಗಿ ಹೇಳುವುದೇನು

ಆಟಿಸಂ ಎಂದರೆ ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಒಂದು ಬೆಳವಣಿಗೆಯ ಸ್ಥಿತಿ. ಅದಿರುವ ಮಗು ಹುಟ್ಟಿದಾಗಿನಿಂದಲೇ ಎದುರಿನವರ ಕಣ್ಣು ನೋಡುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಈ ವಿಷಯದಲ್ಲಿ ಕೆಲಸ ಮಾಡುವವರಲ್ಲೂ ಹಲವರು ಹಾಗೇ ಅಂದುಕೊಂಡಿದ್ದರು. 2013ರ ನವೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಬರೆದವರು ಅಮೆರಿಕದ ಆಟಿಸಂ ಸಂಶೋಧಕರಾದ ವಾರನ್ ಜೋನ್ಸ್ ಮತ್ತು ಆಮಿ ಕ್ಲಿನ್. ಮುಂದೆ ಆಟಿಸಂ ಇದೆ ಎಂದು ಗೊತ್ತಾದ ಮಕ್ಕಳು ಎರಡು ತಿಂಗಳ ಕೂಸಾಗಿದ್ದಾಗ ಬೇರೆ ಮಕ್ಕಳಷ್ಟೇ ಕಣ್ಣುಗಳನ್ನು ನೋಡುತ್ತಿದ್ದರು. ತುಸು ಜಾಸ್ತಿಯೇ ನೋಡುತ್ತಿದ್ದರು ಅಂದರೂ ತಪ್ಪಿಲ್ಲ. ಆಮೇಲೆ ಆ ನೋಟ ಇಳಿಯತೊಡಗಿತು. ಎರಡರಿಂದ ಆರನೇ ತಿಂಗಳ ಒಳಗೇ ಇಳಿಕೆ ಕಾಣಿಸಿಕೊಂಡಿತು. ಎರಡು ವರ್ಷ ತುಂಬುವ ಹೊತ್ತಿಗೆ ಅವರು ಕಣ್ಣುಗಳನ್ನು ನೋಡುವ ಸಮಯ ಬೇರೆ ಮಕ್ಕಳಿಗಿಂತ ಸುಮಾರು ಅರ್ಧಕ್ಕೆ ಬಂದಿತ್ತು.

ಹುಟ್ಟುವಾಗಲೇ ಇಲ್ಲದಿರುವುದು ಬೇರೆ, ಇದ್ದದ್ದು ನಿಧಾನಕ್ಕೆ ಹಿಂದೆ ಸರಿಯುವುದು ಬೇರೆ. ಎರಡನೆಯದಾದರೆ ಆ ತಿಂಗಳುಗಳಲ್ಲಿ ಏನಾಗುತ್ತಿದೆ ಎಂದು ಗಮನಿಸಬಹುದು. ಆ ಹೊತ್ತಿನಲ್ಲೇ ಮಗುವಿಗೂ ಮನೆಯವರಿಗೂ ಜೊತೆಯಾಗಿ ನಿಲ್ಲಬಹುದು. ಆದರೆ ಅಲ್ಲಿಂದೀಚೆಗೆ ನಡೆದ ಚರ್ಚೆಯಲ್ಲಿ ‘ಎಷ್ಟು ಬೇಗ ಪತ್ತೆ ಮಾಡಬಹುದು’ ಎಂಬ ಪ್ರಶ್ನೆಯೇ ದೊಡ್ಡದಾಯಿತು. ಪತ್ತೆಯಾದ ಮೇಲೆ ಏನು ಮಾಡಬೇಕು ಎಂಬುದು ಹಿಂದೆ ಬಿತ್ತು. ಕ್ಲಿನ್ ಅವರ ಮೂವತ್ತು ವರ್ಷಗಳ ಕೆಲಸವನ್ನು ಒಟ್ಟಿಗೆ ಓದಿದರೆ ಅದರ ಬೆಲೆ ಇರುವುದು ಈ ಎರಡನೇ ಪ್ರಶ್ನೆಯಲ್ಲೇ ಎಂದು ನನಗೆ ಅನ್ನಿಸುತ್ತದೆ.

ಮಗು ತಾನಾಗಿ ಏನನ್ನು ಹುಡುಕುತ್ತದೆ?

ಕ್ಲಿನ್ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. ಪಿಎಚ್‌ಡಿ ಮಾಡಿದ್ದು ಲಂಡನ್ ವಿಶ್ವವಿದ್ಯಾಲಯದಲ್ಲಿ. ನಂತರ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಬಹಳ ಕಾಲ ಇದ್ದು, ಆಮೇಲೆ ಅಟ್ಲಾಂಟಾದ ಮಾರ್ಕಸ್ ಆಟಿಸಂ ಸೆಂಟರ್‌ಗೆ ಹೋದರು. ಊರು ಬದಲಾದರೂ ಅವರ ಪ್ರಶ್ನೆ ಹೆಚ್ಚು ಬದಲಾಗಲಿಲ್ಲ. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಅಳೆಯುವುದು ಒಂದು ರೀತಿ. ಯಾರೂ ಏನೂ ಹೇಳದಿದ್ದಾಗ ಮಗು ತಾನಾಗಿ ಏನನ್ನು ಆರಿಸಿಕೊಳ್ಳುತ್ತದೆ ಎಂದು ನೋಡುವುದು ಇನ್ನೊಂದು ರೀತಿ. ಅವರು ಹಿಡಿದದ್ದು ಎರಡನೆಯದನ್ನು.

1991ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗ ತುಂಬಾ ಸರಳ. ಪುಟ್ಟ ಮಕ್ಕಳಿಗೆ ಒಂದು ಉಪಕರಣ ಕೊಟ್ಟರು. ಅದರಲ್ಲಿ ಎರಡು ಆಯ್ಕೆ. ಒಂದು ಆರಿಸಿದರೆ ಅಮ್ಮನ ಮಾತು ಕೇಳುತ್ತದೆ. ಇನ್ನೊಂದು ಆರಿಸಿದರೆ ಹಲವು ದನಿಗಳು ಒಂದರ ಮೇಲೊಂದು ಬಿದ್ದ ಗದ್ದಲ ಕೇಳುತ್ತದೆ. ಬೇರೆ ಮಕ್ಕಳು ಅಮ್ಮನ ಮಾತನ್ನೇ ಹೆಚ್ಚು ಆರಿಸಿಕೊಂಡರು. ಆಟಿಸಂ ಇರುವ ಮಕ್ಕಳಲ್ಲಿ ಆ ಒಲವು ಕಾಣಲಿಲ್ಲ. ಕೆಲವರು ಗದ್ದಲವನ್ನೇ ಆರಿಸಿಕೊಂಡರು. ಅವರಿಗೆ ಕಿವಿ ಕೇಳದೆ ಹಾಗಾದದ್ದಲ್ಲ. ಅಮ್ಮನ ಮೇಲೆ ಪ್ರೀತಿ ಇಲ್ಲದೆ ಹಾಗಾದದ್ದೂ ಅಲ್ಲ. ಕೂಸಿನ ಕಿವಿಯನ್ನು ತನ್ನತ್ತ ಎಳೆದುಕೊಳ್ಳುವ ವಿಶೇಷ ಸೆಳೆತ ಮಾತಿಗೆ ಇರುತ್ತದಲ್ಲ, ಅದು ಇವರ ವಿಷಯದಲ್ಲಿ ಅಷ್ಟು ಬಲವಾಗಿರಲಿಲ್ಲ.

ಆಮೇಲೆ ಬಂದದ್ದು ಐ-ಟ್ರ್ಯಾಕಿಂಗ್. ಮಗು ಪರದೆ ನೋಡುತ್ತಿರುವಾಗ ಅದರ ಕಣ್ಣು ಯಾವ ಕ್ಷಣದಲ್ಲಿ ಎಲ್ಲಿ ನೆಟ್ಟಿದೆ ಎಂದು ಕ್ಯಾಮೆರಾ ದಾಖಲಿಸುತ್ತದೆ. 2002ರಲ್ಲಿ ಕ್ಲಿನ್ ಮತ್ತು ಜೋನ್ಸ್ ಇದನ್ನು ಹದಿಹರೆಯದವರು ಮತ್ತು ಯುವಕರ ಮೇಲೆ ಪ್ರಯೋಗಿಸಿದರು. ಆಟಿಸಂ ಇರುವ 15 ಜನ, ಇಲ್ಲದ 15 ಜನ. ಎಲ್ಲರಿಗೂ ತೋರಿಸಿದ್ದು ನಾಲ್ಕು ಮುಖ್ಯ ಪಾತ್ರಗಳ, ಜಗಳವೇ ತುಂಬಿದ ಒಂದು ಹಳೆಯ ಇಂಗ್ಲಿಷ್ ಸಿನಿಮಾದ ದೃಶ್ಯಗಳು. ಆಟಿಸಂ ಇಲ್ಲದವರ ನೋಟ ಪಾತ್ರಗಳ ಕಣ್ಣಿನ ಸುತ್ತ ಸುತ್ತಿತು. ಆಟಿಸಂ ಇದ್ದವರ ನೋಟ ಬಾಯಿ, ಮೈ, ಸುತ್ತಲಿನ ವಸ್ತುಗಳ ಮೇಲೆ ಹೆಚ್ಚು ಹೊತ್ತು ನಿಂತಿತು.

ಇದರಲ್ಲಿ ಅಷ್ಟಾಗಿ ಸುದ್ದಿಯಾಗದ ಒಂದು ಅಂಶವೂ ಇದೆ. ಆಟಿಸಂ ಇದ್ದವರ ಪೈಕಿ ಬಾಯಿಯನ್ನು ಹೆಚ್ಚು ನೋಡಿದವರು ದಿನನಿತ್ಯದ ಸಾಮಾಜಿಕ ಬದುಕನ್ನು ಹೆಚ್ಚು ಚೆನ್ನಾಗಿ ನಿಭಾಯಿಸುತ್ತಿದ್ದರು. ಅಂದರೆ ಬಾಯಿ ನೋಡುವುದನ್ನು ಬರೀ ಕೊರತೆ ಎಂದು ಬರೆದುಹಾಕಲು ಆಗುವುದಿಲ್ಲ. ಮಾತನ್ನು ಹಿಡಿಯಲು ಅವರು ಕಂಡುಕೊಂಡ ದಾರಿ ಅದಾಗಿರಬಹುದು. ‘ಕಣ್ಣು ನೋಡು, ಕಣ್ಣು ನೋಡು’ ಎಂದು ಮಗುವಿನ ಗಲ್ಲ ಹಿಡಿದು ತಿರುಗಿಸುವ ತರಬೇತಿ ಎಷ್ಟು ಕಡೆ ನಡೆದಿದೆ ಅಲ್ವಾ? ಅದನ್ನು ಮಾಡುವವರು ಈ ಫಲಿತಾಂಶವನ್ನು ಒಮ್ಮೆ ಓದಬೇಕು.

2009ರಲ್ಲಿ ಇನ್ನೊಂದು ಹೆಜ್ಜೆ. ಕತ್ತಲೆಯ ಪರದೆ ಮೇಲೆ ಬರೀ ಬೆಳಕಿನ ಚುಕ್ಕೆಗಳು. ಒಬ್ಬ ಮನುಷ್ಯನ ಕೀಲುಗಳು ಎಲ್ಲೆಲ್ಲಿವೆಯೋ ಅಲ್ಲಲ್ಲಿ ಚುಕ್ಕೆ. ಚುಕ್ಕೆಗಳು ಚಲಿಸಿದರೆ ಸಾಕು, ಇದು ನಡೆಯುವ ಮನುಷ್ಯ ಎಂದು ನಮಗೆ ತಕ್ಷಣ ಹೊಳೆಯುತ್ತದೆ. ಹುಟ್ಟಿ ಎರಡೇ ದಿನವಾದ ಶಿಶುಗಳೂ ಇಂಥ ಜೀವಂತ ಚಲನೆಯತ್ತ ಹೆಚ್ಚು ನೋಡುತ್ತವೆ. ಅಷ್ಟು ಹಳೆಯ, ಅಷ್ಟು ಆಳದ ಸೆಳೆತ ಅದು. ಕ್ಲಿನ್ ತಂಡ ಎರಡು ವರ್ಷದ ಮಕ್ಕಳಿಗೆ ಒಂದು ಬದಿಯಲ್ಲಿ ನೇರವಾದ ಚುಕ್ಕೆ-ಮನುಷ್ಯನನ್ನು ತೋರಿಸಿತು. ಇನ್ನೊಂದು ಬದಿಯಲ್ಲಿ ಅದನ್ನೇ ತಲೆಕೆಳಗು ಮಾಡಿ, ಹಿಂದುಮುಂದಾಗಿ ಓಡಿಸಿತು. ಆಟಿಸಂ ಇರುವ ಮಕ್ಕಳಿಗೆ ಎರಡೂ ಒಂದೇ ಆಗಿದ್ದವು. ಒಂದು ತುಣುಕು ಮಾತ್ರ ಇದಕ್ಕೆ ಹೊರತು. ಅದರಲ್ಲಿ ಕೈ ತಟ್ಟುವ ಆಟವಿತ್ತು. ಅಲ್ಲಿ ಆ ಮಕ್ಕಳು ನೇರವಾದ ಚಿತ್ರವನ್ನೇ ಹೆಚ್ಚು ನೋಡಿದರು.

ಯಾಕೆ? ಎರಡು ಚುಕ್ಕೆ ಬಡಿದಾಗ ಅದೇ ಕ್ಷಣಕ್ಕೆ ಚಪ್ಪಾಳೆಯ ಸದ್ದು ಬರುತ್ತಿತ್ತು. ತಲೆಕೆಳಗಾದ ಚಿತ್ರದಲ್ಲಿ ಸದ್ದಿಗೂ ಚಲನೆಗೂ ತಾಳ ಕೂಡುತ್ತಿರಲಿಲ್ಲ. ಮಕ್ಕಳನ್ನು ಸೆಳೆದದ್ದು ಮನುಷ್ಯನ ಆಕಾರವಲ್ಲ, ಸದ್ದೂ ಚಲನೆಯೂ ಒಟ್ಟಿಗೆ ಬೀಳುವ ಆ ಹೊಂದಾಣಿಕೆ. ಈಗ ಬಾಯಿಯ ವಿಷಯಕ್ಕೆ ಬನ್ನಿ. ಮುಖದಲ್ಲಿ ಸದ್ದೂ ಚಲನೆಯೂ ತಾಳ ತಪ್ಪದೆ ಒಟ್ಟಿಗೆ ಬರುವ ಜಾಗ ಯಾವುದು? ತುಟಿ. 2002ರ ಒಗಟಿಗೆ 2009ರಲ್ಲಿ ಒಂದು ಉತ್ತರ ಸಿಕ್ಕಿತು. ಈ ಮಕ್ಕಳು ಲೋಕವನ್ನು ಗಮನಿಸುತ್ತಿಲ್ಲ ಎನ್ನುವುದು ತಪ್ಪು. ತುಂಬಾ ಗಮನವಿಟ್ಟು ನೋಡುತ್ತಿದ್ದಾರೆ, ನಾವು ನಿರೀಕ್ಷಿಸುವುದನ್ನು ಬಿಟ್ಟು ಬೇರೆಯದನ್ನು.

ಕೂಸಿನವರೆಗೆ ಹೋಗುವುದು ಹೇಗೆ

ಎರಡು ವರ್ಷದಿಂದ ಎರಡು ತಿಂಗಳಿಗೆ ಇಳಿಯಲು ಒಂದು ದೊಡ್ಡ ತೊಡಕಿತ್ತು. ಎರಡು ತಿಂಗಳ ಕೂಸಿಗೆ ಆಟಿಸಂ ಇದೆಯೇ ಎಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಬಹಳ ಕಾಲ ಸಂಶೋಧಕರು ಪೋಷಕರ ನೆನಪನ್ನೇ ನಂಬಬೇಕಾಗಿತ್ತು. 1994ರಲ್ಲಿ ಜೂಲಿ ಆಸ್ಟರ್ಲಿಂಗ್ ಮತ್ತು ಜೆರಾಲ್ಡಿನ್ ಡಾಸನ್ ಒಂದು ಜಾಣ ಉಪಾಯ ಹುಡುಕಿದರು. ಆಟಿಸಂ ಇದೆ ಎಂದು ಆಗಲೇ ಗೊತ್ತಾಗಿದ್ದ 11 ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೋಗಳನ್ನು ಕೇಳಿ ಪಡೆದರು. ಬೇರೆ 11 ಮಕ್ಕಳ ವಿಡಿಯೋಗಳನ್ನೂ ತಂದು ಎರಡನ್ನೂ ಹೋಲಿಸಿದರು. ಒಂದು ವರ್ಷಕ್ಕೇ ವ್ಯತ್ಯಾಸ ಕಾಣುತ್ತಿತ್ತು: ಮುಖ ನೋಡುವುದು, ಹೆಸರು ಕರೆದಾಗ ತಿರುಗುವುದು, ಬೆರಳು ಮಾಡಿ ತೋರಿಸುವುದು, ಕೈಯಲ್ಲಿದ್ದುದನ್ನು ಎತ್ತಿ ಇನ್ನೊಬ್ಬರಿಗೆ ತೋರಿಸುವುದು.

ನಂತರ ಬಂದದ್ದು ತಮ್ಮ-ತಂಗಿಯರ ಅಧ್ಯಯನ. ಆಟಿಸಂ ಇರುವ ಅಣ್ಣ ಅಥವಾ ಅಕ್ಕ ಇರುವ ಮನೆಯಲ್ಲಿ ಹೊಸ ಕೂಸು ಹುಟ್ಟಿದರೆ ಅದಕ್ಕೂ ಆಟಿಸಂ ಬರುವ ಸಾಧ್ಯತೆ ಹೆಚ್ಚು. ಸ್ಯಾಲಿ ಓಜೊನಾಫ್ ಮತ್ತು ಜೊತೆಗಾರರು 2011ರಲ್ಲಿ 664 ಶಿಶುಗಳನ್ನು ಅನುಸರಿಸಿ ಈ ಪ್ರಮಾಣ ಶೇ. 18.7 ಎಂದು ತೋರಿಸಿದರು. 2024ರ ಇನ್ನೂ ದೊಡ್ಡ ಅಧ್ಯಯನದಲ್ಲೂ ಅದು ಶೇ. 20ರ ಆಸುಪಾಸಿನಲ್ಲೇ ಇತ್ತು. ಅಂದರೆ ಇಂಥ ನೂರು ಕೂಸುಗಳನ್ನು ಹುಟ್ಟಿದಾಗಿನಿಂದ ಗಮನಿಸುತ್ತಾ ಹೋದರೆ, ಮೂರು ವರ್ಷಕ್ಕೆ ಸುಮಾರು ಇಪ್ಪತ್ತು ಮಕ್ಕಳಲ್ಲಿ ಆಟಿಸಂ ಕಾಣಿಸಿಕೊಳ್ಳುತ್ತದೆ. ಆಗ ಹಿಂದೆ ತಿರುಗಿ ಹಳೆಯ ದಾಖಲೆಗಳನ್ನು ನೋಡಬಹುದು.

2013ರ ಅಧ್ಯಯನ ನಡೆದದ್ದು ಹೀಗೆಯೇ. 110 ಕೂಸುಗಳು, ಅವುಗಳಲ್ಲಿ 59ಕ್ಕೆ ಆಟಿಸಂ ಸಾಧ್ಯತೆ ಹೆಚ್ಚು. ಎರಡನೇ ತಿಂಗಳಿಂದ ಎರಡು ವರ್ಷದವರೆಗೆ ಹತ್ತು ಸಲ ಪರೀಕ್ಷೆ. ಪರದೆ ಮೇಲೆ ಒಬ್ಬ ಹೆಂಗಸು ಕೂಸನ್ನು ಮುದ್ದಿನಿಂದ ಮಾತಾಡಿಸುತ್ತಾಳೆ, ಕೂಸು ಎಲ್ಲಿ ನೋಡುತ್ತದೆ ಎಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಬೇರೆ ಮಕ್ಕಳು ಮೊದಲ ಕೆಲವು ತಿಂಗಳುಗಳಲ್ಲಿ ಕಣ್ಣನ್ನು ನೋಡುವುದು ಹೆಚ್ಚುತ್ತಾ ಹೋಯಿತು. ಆಟಿಸಂ ಇದ್ದವರಲ್ಲಿ ಅದು ಇಳಿಯುತ್ತಾ ಹೋಯಿತು. ಬೇಗ ಇಳಿದವರಲ್ಲಿ ಮುಂದೆ ಕಷ್ಟವೂ ಹೆಚ್ಚಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಮುಖ್ಯ ಹೋಲಿಕೆ ನಿಂತದ್ದು ಆಟಿಸಂ ಇರುವ 11 ಗಂಡುಮಕ್ಕಳು ಮತ್ತು ಬೇರೆ 25 ಗಂಡುಮಕ್ಕಳ ಮೇಲೆ. ಹೆಣ್ಣುಮಕ್ಕಳ ಸಂಖ್ಯೆ ತೀರಾ ಕಡಿಮೆಯಿದ್ದುದರಿಂದ ಅವರ ಬಗ್ಗೆ ಹೇಳಲು ಆಗಲಿಲ್ಲ. ಬೇರೆ ಲ್ಯಾಬ್‌ಗಳು ಬೇರೆ ಬಗೆಯ ಚಿತ್ರ ತೋರಿಸಿ ನಡೆಸಿದ ಪ್ರಯೋಗಗಳಲ್ಲಿ ಫಲಿತಾಂಶ ಒಂದೇ ರೀತಿ ಬಂದಿಲ್ಲ. ಮುಖ್ಯವಾಗಿ, ಈ ಇಳಿಕೆ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಜೋನ್ಸ್ ಮತ್ತು ಕ್ಲಿನ್ ಇದನ್ನು ಆಗಲೇ ಒತ್ತಿ ಹೇಳಿದ್ದರು. ಮೂರು ತಿಂಗಳ ಕೂಸು ನನ್ನನ್ನು ಸರಿಯಾಗಿ ನೋಡುತ್ತಿಲ್ಲವೇ ಎಂದು ಹಗಲಿಡೀ ಪರೀಕ್ಷೆ ಮಾಡುತ್ತಾ ಕೂತ ತಾಯಿಗೆ ಈ ಸಂಶೋಧನೆಯಿಂದ ಆಗುವ ಉಪಯೋಗ ಏನೂ ಇಲ್ಲ. ಸುಮ್ನೆ ಆತಂಕ.

ಎರಡನೇ ತಿಂಗಳಲ್ಲಿ ಏನಾಗುತ್ತದೆ

ಹುಟ್ಟಿದ ಕೂಸು ಮುಖದಂಥ ಆಕಾರದತ್ತ ತಿರುಗುತ್ತದೆ. ಇದು ಕಲಿತದ್ದಲ್ಲ, ಮೆದುಳಿನ ಒಳಪದರದ ಹಳೆಯ ವ್ಯವಸ್ಥೆ ಮಾಡಿಸುವ ಕೆಲಸ ಎಂದು ಮಾರ್ಕ್ ಜಾನ್ಸನ್ ಮತ್ತು ಜಾನ್ ಮಾರ್ಟನ್ 1991ರಲ್ಲೇ ವಾದಿಸಿದ್ದರು. ಎರಡನೇ ತಿಂಗಳ ಹೊತ್ತಿಗೆ ಆ ಹಳೆಯ ವ್ಯವಸ್ಥೆ ಹಿಂದೆ ಸರಿಯುತ್ತದೆ. ಮೆದುಳಿನ ಹೊರಪದರ, ಅಂದರೆ ಅನುಭವದಿಂದ ಕಲಿಯುವ ಭಾಗ, ಕೆಲಸ ವಹಿಸಿಕೊಳ್ಳುತ್ತದೆ. ಆಗ ಕೂಸು ನೋಡುವುದು ತನ್ನಷ್ಟಕ್ಕೆ ಆಗುವ ಕ್ರಿಯೆಯಾಗಿ ಉಳಿಯುವುದಿಲ್ಲ. ನೋಡಿದರೆ ನಗು ಸಿಗುತ್ತದೆ, ನಕ್ಕರೆ ಮಾತು ಸಿಗುತ್ತದೆ, ಅದಕ್ಕಾಗಿ ಮತ್ತೆ ನೋಡುತ್ತದೆ.

ಕ್ಲಿನ್ ತಂಡದ ಊಹೆ ಇದು: ಆಟಿಸಂ ಇರುವ ಕೂಸಿನಲ್ಲಿ ಮೊದಲ ವ್ಯವಸ್ಥೆ ಸರಿಯಾಗೇ ಇದೆ. ಆದ್ದರಿಂದಲೇ ಎರಡು ತಿಂಗಳಲ್ಲಿ ಕಣ್ಣನ್ನು ನೋಡುತ್ತದೆ. ಕೆಲಸ ಕೈ ಬದಲಾಯಿಸುವ ಹೊತ್ತಿನಲ್ಲಿ ಎರಡನೆಯದು ಪೂರ್ತಿ ಹತ್ತಿಕೊಳ್ಳುವುದಿಲ್ಲ. ಇದು ಇನ್ನೂ ಊಹೆಯೇ, ಸಾಬೀತಾದ ಸತ್ಯವಲ್ಲ. ಆದರೂ ಇದರ ಹಿಂದಿನ ತರ್ಕ ನನಗೆ ಬಲವಾಗಿ ಕಾಣುತ್ತದೆ. ಜನ ಓಡಾಡಿದ ಕಡೆ ಕಾಲುದಾರಿ ಮೂಡುವ ಹಾಗೆ, ಕೂಸು ಎತ್ತ ನೋಡುತ್ತದೋ ಅತ್ತ ಮೆದುಳಿನ ಸಂಪರ್ಕಗಳು ಗಟ್ಟಿಯಾಗುತ್ತವೆ. ಮೂರನೇ ತಿಂಗಳಲ್ಲಿ ಕೂದಲೆಳೆಯಷ್ಟಿದ್ದ ಅಂತರ ಹದಿನೆಂಟನೇ ತಿಂಗಳಿಗೆ ದೊಡ್ಡದಾಗುತ್ತದೆ. ಯಾಕೆಂದರೆ ನಡುವೆ ಸಾವಿರಾರು ಗಂಟೆಗಳ ಬೇರೆ ಅನುಭವ ಸೇರಿರುತ್ತದೆ.

ಮೆದುಳಿನ ಚಿತ್ರಗಳೂ ಇದಕ್ಕೆ ಹತ್ತಿರದ ಸುಳಿವು ಕೊಡುತ್ತವೆ. 2017ರಲ್ಲಿ ಹೆದರ್ ಹ್ಯಾಜ್ಲೆಟ್ ಮತ್ತು ಜೊತೆಗಾರರು, ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇದ್ದ 106 ಶಿಶುಗಳ ಎಂಆರ್‌ಐ ಮಾಡಿದರು. ಮುಂದೆ ಆಟಿಸಂ ಕಾಣಿಸಿಕೊಂಡವರಲ್ಲಿ ಆರರಿಂದ ಹನ್ನೆರಡನೇ ತಿಂಗಳ ನಡುವೆ ಮೆದುಳಿನ ಹೊರಪದರದ ಮೇಲ್ಮೈ ಬೇಗ ಬೇಗ ಹಿಗ್ಗಿತ್ತು. ಮಾತು, ಆಟ, ಬೆರೆಯುವಿಕೆಯಲ್ಲಿ ಗುರುತು ಕಾಣಿಸಿದ್ದು ಅದರ ನಂತರ.

ಹಾಗಾದರೆ ತಪ್ಪು ಯಾರದು ಎಂಬ ಹಳೆಯ ಪ್ರಶ್ನೆ

ಇದ್ದ ನೋಟ ಇಳಿಯಿತು ಎಂದ ಕೂಡಲೇ ಒಂದು ಅಪಾಯಕಾರಿ ಯೋಚನೆ ತಲೆ ಎತ್ತುತ್ತದೆ. ಹಾಗಾದರೆ ಮನೆಯವರು ಸರಿಯಾಗಿ ಮಾತಾಡಿಸಲಿಲ್ಲವೇ? ಈ ಯೋಚನೆ ಹಿಂದೆ ಬಹಳ ಮನೆಗಳನ್ನು ಸುಟ್ಟಿದೆ. 1943ರಲ್ಲಿ 11 ಮಕ್ಕಳನ್ನು ವಿವರಿಸಿ ಆಟಿಸಂಗೆ ವೈದ್ಯಲೋಕದಲ್ಲಿ ಜಾಗ ಕೊಟ್ಟ ಲಿಯೊ ಕ್ಯಾನರ್ ಇದು ಹುಟ್ಟಿನಿಂದ ಬಂದದ್ದು ಎಂದೇ ಬರೆದಿದ್ದರು. ಆದರೂ ನಂತರದ ಎರಡು ದಶಕಗಳಲ್ಲಿ ತಾಯಿಯ ತಣ್ಣನೆಯ ಮನಸ್ಸೇ ಕಾರಣ ಎಂಬ ವಾದ ಬೆಳೆಯಿತು. 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಎಂದು ಹೆಸರಾಗಿದ್ದ ಬ್ರೂನೊ ಬೆಟಲ್‌ಹೈಮ್ ಅದನ್ನು ಮನೆಮನೆಗೆ ಮುಟ್ಟಿಸಿದರು. ಎಷ್ಟೋ ತಾಯಂದಿರು ಮಾಡದ ತಪ್ಪನ್ನು ಹೊತ್ತು ಬದುಕಿದರು.

ಇದಕ್ಕೆ ಗಟ್ಟಿ ಉತ್ತರ ಬಂದದ್ದು 1977ರಲ್ಲಿ. ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟರ್ 21 ಜೋಡಿ ಅವಳಿಗಳನ್ನು ಪರೀಕ್ಷಿಸಿದರು. ಒಂದೇ ರೂಪದ, ಅಂದರೆ ವಂಶವಾಹಿಗಳೂ ಒಂದೇ ಆಗಿರುವ 11 ಜೋಡಿಗಳಲ್ಲಿ 4 ಜೋಡಿಗಳ ಇಬ್ಬರಿಗೂ ಆಟಿಸಂ ಇತ್ತು. ಬೇರೆ ರೂಪದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಚಿಕ್ಕ ಅಧ್ಯಯನವಾದರೂ ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂದು ಅದು ತೋರಿಸಿತು. ನಂತರದ ದೊಡ್ಡ ಅಧ್ಯಯನಗಳು ಅದನ್ನೇ ಗಟ್ಟಿ ಮಾಡಿದವು.

ಕ್ಲಿನ್, ಜೋನ್ಸ್ ಅವರ ಕಣ್ಣಿನ ಅಧ್ಯಯನವೂ ಇಲ್ಲಿಗೇ ಬಂದು ಸೇರಿತು. 2017ರಲ್ಲಿ ಜಾನ್ ಕಾನ್‌ಸ್ಟಾಂಟಿನೊ ಜೊತೆ ಸೇರಿ ಅವರು 338 ಪುಟ್ಟ ಮಕ್ಕಳ ನೋಟವನ್ನು ಅಳೆದರು. ಅವರಲ್ಲಿ 166 ಅವಳಿಗಳಿದ್ದರು. ಒಂದೇ ರೂಪದ ಅವಳಿಗಳಲ್ಲಿ ಒಬ್ಬರು ಕಣ್ಣನ್ನು ಎಷ್ಟು ನೋಡುತ್ತಾರೋ ಇನ್ನೊಬ್ಬರೂ ಹೆಚ್ಚುಕಡಿಮೆ ಅಷ್ಟೇ ನೋಡುತ್ತಿದ್ದರು. ಹೊಂದಾಣಿಕೆಯ ಅಳತೆ 0.91 (ಪೂರ್ತಿ ಹೊಂದಿದರೆ 1). ಬೇರೆ ರೂಪದ ಅವಳಿಗಳಲ್ಲಿ ಅದು 0.35 ಮಾತ್ರ. ಇಬ್ಬರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೂ, ಯಾವ ಕ್ಷಣಕ್ಕೆ ಕಣ್ಣು ಹೊರಳುತ್ತದೆ, ಯಾವ ಕಡೆ ಹೊರಳುತ್ತದೆ ಎಂಬುದು ಕೂಡ ಹೊಂದುತ್ತಿತ್ತು. ಮಗು ಮುಖದಲ್ಲಿ ಏನನ್ನು ಆರಿಸಿ ನೋಡುತ್ತದೆ ಎಂಬಷ್ಟು ಸೂಕ್ಷ್ಮ ವಿಷಯವೂ ವಂಶವಾಹಿಗಳಿಗೆ ಅಷ್ಟು ಹತ್ತಿರ. ತಾಯಿಯನ್ನು ದೂರುವ ಮಾತು ಇನ್ನೂ ಅಲ್ಲಲ್ಲಿ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ.

ನೋಡದಿರುವುದು ತಪ್ಪಿಸಿಕೊಳ್ಳುವುದೇ?

ಆಟಿಸಂ ಇರುವ ಮಗು ಕಣ್ಣು ತಪ್ಪಿಸುತ್ತದೆ, ಕಣ್ಣಿಗೆ ಕಣ್ಣು ಕೂಡಿದರೆ ಅದಕ್ಕೆ ಹಿಂಸೆ ಎನ್ನುವ ವಿವರಣೆ ಒಂದು. ಕಣ್ಣಿನಲ್ಲಿ ನೋಡುವಂಥದ್ದು ಇದೆ ಎಂದು ಅದಕ್ಕೆ ಅನ್ನಿಸುವುದೇ ಇಲ್ಲ ಎನ್ನುವುದು ಇನ್ನೊಂದು. 2017ರಲ್ಲಿ ಜೆನಿಫರ್ ಮೊರಿಯುಚಿ, ಕ್ಲಿನ್ ಮತ್ತು ಜೋನ್ಸ್ ಇದನ್ನು ಎರಡು ವರ್ಷದ ಮಕ್ಕಳಲ್ಲಿ ಪರೀಕ್ಷಿಸಿದರು. ವಿಡಿಯೋ ಶುರುವಾಗುವ ಮೊದಲು ಪರದೆಯಲ್ಲಿ ಕಣ್ಣು ಬರುವ ಜಾಗದಲ್ಲೇ ಒಂದು ಗುರುತು ತೋರಿಸಿ ಮಗುವಿನ ನೋಟವನ್ನು ಅಲ್ಲಿಗೆ ತಂದರು. ಹಿಂಸೆಯಾಗಿದ್ದರೆ ಮಗು ಬೇರೆಯವರಿಗಿಂತ ಬೇಗ ಕಣ್ಣು ಸರಿಸಬೇಕಿತ್ತು. ಹಾಗಾಗಲಿಲ್ಲ. ಎದುರಿನವಳು ನಗುನಗುತ್ತಾ ಕರೆದಾಗ ಬೇರೆ ಮಕ್ಕಳು ಕಣ್ಣಿನತ್ತ ಇನ್ನಷ್ಟು ನೋಡಿದರೆ, ಇವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆ ವಯಸ್ಸಿಗೆ ಎರಡನೇ ವಿವರಣೆಯೇ ಹೆಚ್ಚು ಹೊಂದಿತು.

ಆದರೆ ಆಟಿಸಂ ಇರುವ ದೊಡ್ಡವರು ಬೇರೆಯದನ್ನು ಹೇಳುತ್ತಾರೆ. ಕಣ್ಣು ಕೂಡಿಸುವುದು ತುಂಬಾ ಕಷ್ಟ, ಮೈಯೆಲ್ಲ ಬಿಗಿಯಾಗುತ್ತದೆ, ಕಣ್ಣು ನೋಡುತ್ತಾ ಮಾತು ಕೇಳಿಸಿಕೊಳ್ಳಲು ಆಗುವುದಿಲ್ಲ ಎನ್ನುತ್ತಾರೆ. ಅವರ ಮಾತನ್ನು ಪ್ರಯೋಗದ ಹೆಸರಲ್ಲಿ ತಳ್ಳಿಹಾಕುವುದು ಸರಿಯಲ್ಲ. ಎರಡೂ ನಿಜವಾಗಿರಬಹುದು. ಎರಡು ವರ್ಷಕ್ಕೆ ಸಹಜವಾಗಿ ಬಾರದ ಒಂದು ಕೆಲಸವನ್ನು ಇಪ್ಪತ್ತು ವರ್ಷ ಒತ್ತಾಯದಿಂದ ಮಾಡಿಸಿದರೆ ಅದು ಹಿಂಸೆಯಾಗದೆ ಇರುತ್ತದೆಯೇ? ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇನ್ನೊಂದು ಮುಖ್ಯ ಮಾತು ಹೇಳಿದರು. ಅರ್ಥವಾಗದಿರುವುದು ಎರಡೂ ಕಡೆ ಇದೆ. ಆಟಿಸಂ ಇರುವವರಿಗೆ ಬೇರೆಯವರು ಎಷ್ಟು ಅರ್ಥವಾಗುವುದಿಲ್ಲವೋ, ಬೇರೆಯವರಿಗೂ ಅವರು ಅಷ್ಟೇ ಅರ್ಥವಾಗುವುದಿಲ್ಲ. ಶಿಶು ಸಂಶೋಧನೆ ಈ ಮಾತನ್ನು ಇನ್ನೂ ಪೂರ್ತಿ ಒಳಗೆ ಬಿಟ್ಟುಕೊಂಡಿಲ್ಲ. ಅದರ ಪ್ರಯೋಗಗಳೆಲ್ಲ ಕೂಸಿನ ನೋಟವನ್ನು ಅಳೆಯುತ್ತವೆ. ಕೂಸನ್ನು ನೋಡುವ ದೊಡ್ಡವರ ನೋಟವನ್ನು ಅಳೆದದ್ದು ಬಹಳ ಕಡಿಮೆ.

ಲ್ಯಾಬ್‌ನಿಂದ ಕ್ಲಿನಿಕ್‌ಗೆ ಬಂದ ಯಂತ್ರ

ಅಮೆರಿಕದಲ್ಲಿ ಆಟಿಸಂ ಎಂದು ಗುರುತಾಗುವ ವಯಸ್ಸು ಇವತ್ತಿಗೂ ನಾಲ್ಕರ ಸಮೀಪ. ತಂದೆ ತಾಯಿಗೆ ಅನುಮಾನ ಬಂದಿರುವುದು ಅದಕ್ಕಿಂತ ಎಷ್ಟೋ ಮೊದಲು. ತಜ್ಞರು ಕಡಿಮೆ, ಕಾಯುವ ಪಟ್ಟಿ ಉದ್ದ. ಹಾಗಾಗಿ ಕಣ್ಣಿನ ನೋಟ ಅಳೆಯುವ ಯಂತ್ರವನ್ನೇ ಕ್ಲಿನಿಕ್‌ಗೆ ತರುವ ಪ್ರಯತ್ನ ನಡೆಯಿತು. 16ರಿಂದ 30 ತಿಂಗಳ ಮಕ್ಕಳಿಗಾಗಿ ಇಂಥ ಒಂದು ಸಾಧನಕ್ಕೆ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಸಂಸ್ಥೆ ಎಫ್‌ಡಿಎ 2022ರಲ್ಲಿ ಅನುಮತಿ ಕೊಟ್ಟಿತು. ಅದನ್ನು ಮಾಡುವ ಕಂಪನಿಯಲ್ಲಿ ಕ್ಲಿನ್, ಜೋನ್ಸ್ ಇಬ್ಬರಿಗೂ ಹಣಕಾಸಿನ ಪಾಲಿದೆ. ಅದನ್ನು ಅವರು ಮುಚ್ಚಿಟ್ಟಿಲ್ಲ, ಓದುವವರೂ ಮರೆಯಬಾರದು.

2023ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಫಲಿತಾಂಶ ಬಂತು. ಆರು ಕೇಂದ್ರಗಳು, 475 ಮಕ್ಕಳು. ತಜ್ಞರು ಆಟಿಸಂ ಎಂದು ಹೇಳಿದ ನೂರು ಮಕ್ಕಳಲ್ಲಿ ಯಂತ್ರ 71 ಮಕ್ಕಳನ್ನು ಸರಿಯಾಗಿ ಹೇಳಿತು. ಆಟಿಸಂ ಇಲ್ಲ ಎಂದ ನೂರರಲ್ಲಿ ಸುಮಾರು 81 ಮಕ್ಕಳನ್ನು ಸರಿಯಾಗಿ ಹೇಳಿತು. ಹೆಚ್ಚು ತರಬೇತಿ ಬೇಡದ, ಮಗು ವಿಡಿಯೋ ನೋಡಿದರೆ ಸಾಕಾಗುವ ಪರೀಕ್ಷೆಗೆ ಇದು ಕಡಿಮೆ ಸಾಧನೆಯಲ್ಲ.

ಆದರೆ ಈ ಅಂಕಿ ಎಲ್ಲಿಂದ ಬಂತು ಎಂದು ಕೇಳಬೇಕು. ಆ ಮಕ್ಕಳು ಆಗಲೇ ವಿಶೇಷ ಕ್ಲಿನಿಕ್‌ಗೆ ಬಂದವರು. ಅವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಕ್ಕಳಿಗೆ ಆಟಿಸಂ ಇತ್ತು. ಇದೇ ಯಂತ್ರವನ್ನು ಎಲ್ಲ ಮಕ್ಕಳ ಮುಂದೆ ಇಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಸಾವಿರ ಮಕ್ಕಳು, ಅವರಲ್ಲಿ ಆಟಿಸಂ ಇರುವವರು 30 ಎಂದುಕೊಳ್ಳಿ. ಯಂತ್ರ 21 ಮಕ್ಕಳನ್ನು ಹಿಡಿಯುತ್ತದೆ. ಉಳಿದ 970ರಲ್ಲಿ ಸುಮಾರು 187 ಮಕ್ಕಳನ್ನೂ ಆಟಿಸಂ ಎಂದು ತೋರಿಸುತ್ತದೆ. ಅಂದರೆ ಯಂತ್ರ ‘ಹೌದು’ ಎಂದ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ಅದು ಸುಳ್ಳು ಭಯ. ಆಟಿಸಂ ಇರುವ 9 ಮಕ್ಕಳ ಮನೆಯವರಿಗೆ ಸುಳ್ಳು ಸಮಾಧಾನ. ಯಂತ್ರಕ್ಕೆ ಅನುಮತಿ ಇರುವುದು ಎಲ್ಲರ ತಪಾಸಣೆಗಲ್ಲ, ತಜ್ಞರಿಗೆ ನೆರವಾಗಲು. ಆ ಗೆರೆ ದಾಟಬಾರದು.

ಪೋಷಕರಿಗೆ ಪ್ರಶ್ನೆ ಕೇಳಿ ಮಾಡುವ ತಪಾಸಣೆಯ ಕಥೆಯೂ ಬೇರೆಯಲ್ಲ. ಫಿಲಡೆಲ್ಫಿಯಾದಲ್ಲಿ ಸುಮಾರು 26,000 ಮಕ್ಕಳ ದಾಖಲೆ ನೋಡಿದ 2019ರ ಅಧ್ಯಯನದಲ್ಲಿ, ಜಗತ್ತಿನಲ್ಲೇ ಹೆಚ್ಚು ಬಳಕೆಯಲ್ಲಿರುವ ಎಂ-ಚಾಟ್ ಪ್ರಶ್ನಾವಳಿ ಆಟಿಸಂ ಇದ್ದ ನೂರರಲ್ಲಿ 39 ಮಕ್ಕಳನ್ನಷ್ಟೇ ಹಿಡಿದಿತ್ತು. ಅದು ‘ಅನುಮಾನ ಇದೆ’ ಎಂದ ನೂರರಲ್ಲಿ ಆಟಿಸಂ ಇದ್ದದ್ದು ಸುಮಾರು 15 ಮಕ್ಕಳಿಗೆ. ತಪಾಸಣೆ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದು ಹಾಳೆಯೋ ಒಂದು ಯಂತ್ರವೋ ‘ಇಲ್ಲ’ ಎಂದ ಮಾತ್ರಕ್ಕೆ ತಾಯಿಯ ಅನುಮಾನವನ್ನು ಮನೆಗೆ ಕಳಿಸಬಾರದು ಎನ್ನುತ್ತಿದ್ದೇನೆ.

ನೆರವು ಎಂದರೆ ಏನು

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. ಬೇಗ ಗೊತ್ತಾದರೆ ಏನು ಮಾಡಬಹುದು?

ಬ್ರಿಟನ್ನಿನ ಜೊನಾಥನ್ ಗ್ರೀನ್ ಮತ್ತು ಜೊತೆಗಾರರು ‘ಪ್ಯಾಕ್ಟ್’ ಎಂಬ ವಿಧಾನವನ್ನು 152 ಪುಟ್ಟ ಮಕ್ಕಳ ಮೇಲೆ ಪರೀಕ್ಷಿಸಿದರು. ಇದರಲ್ಲಿ ಥೆರಪಿಸ್ಟ್ ಮಗುವಿಗೆ ತರಬೇತಿ ಕೊಡುವುದಿಲ್ಲ. ಪೋಷಕರು ಮಗುವಿನ ಜೊತೆ ಆಡುವುದನ್ನು ವಿಡಿಯೋ ಮಾಡುತ್ತಾರೆ. ಆಮೇಲೆ ಪೋಷಕರೂ ಥೆರಪಿಸ್ಟೂ ಜೊತೆಗೆ ಕೂತು ಅದನ್ನು ನೋಡುತ್ತಾರೆ. ಮಗು ಚಿಕ್ಕ ಸುಳಿವು ಕೊಟ್ಟದ್ದು ಎಲ್ಲಿ, ಅದಕ್ಕೆ ಪೋಷಕರು ಸ್ಪಂದಿಸಿದ್ದು ಎಲ್ಲಿ ಎಂದು ಹುಡುಕುತ್ತಾರೆ. ಮಗುವನ್ನು ನಮ್ಮ ಆಟಕ್ಕೆ ಎಳೆಯುವ ಬದಲು ಮಗುವಿನ ಗಮನ ಇರುವಲ್ಲಿಗೆ ನಾವೇ ಹೋಗುವುದು ಇದರ ತಿರುಳು. 2010ರ ಫಲಿತಾಂಶ ಮೊದಲಿಗೆ ನಿರಾಸೆ ತಂದಿತು. ಪೋಷಕರ ಸ್ಪಂದನೆ ಬಹಳ ಬದಲಾಗಿತ್ತು, ಆಟಿಸಂ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಸುಮಾರು ಆರು ವರ್ಷದ ನಂತರ, ಆ ಮಕ್ಕಳಲ್ಲಿ 121 ಜನರನ್ನು ಮತ್ತೆ ನೋಡಿದಾಗ ಚಿತ್ರ ಬೇರೆ ಇತ್ತು. ತೀವ್ರ ಲಕ್ಷಣ ಉಳಿದವರು ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇ. 63, ಈ ಗುಂಪಿನಲ್ಲಿ ಶೇ. 46. ಆಟಿಸಂ ಹೋಗಲಿಲ್ಲ. ಹೋಗಿಸುವುದು ಗುರಿಯೂ ಅಲ್ಲ. ಮಗುವಿನ ಬದುಕು ಹಗುರವಾಯಿತು.

2021ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ವೈಟ್‌ಹೌಸ್ ತಂಡ ಇಂಥದ್ದೇ ವಿಡಿಯೋ ವಿಧಾನವನ್ನು ಇನ್ನೂ ಮೊದಲೇ ಶುರು ಮಾಡಿದ ಫಲಿತಾಂಶ ಕೊಟ್ಟಿತು. ಒಂಬತ್ತರಿಂದ ಹದಿನಾಲ್ಕು ತಿಂಗಳ, ಆರಂಭದ ಗುರುತುಗಳು ಕಂಡಿದ್ದ 104 ಶಿಶುಗಳು. ಆಟಿಸಂ ಎಂದು ಯಾರೂ ಇನ್ನೂ ಹೇಳಿರಲಿಲ್ಲ. ಮೂರು ವರ್ಷಕ್ಕೆ ನೋಡಿದಾಗ, ವಿಡಿಯೋ ನೆರವು ಪಡೆದ ಗುಂಪಿನ 45 ಮಕ್ಕಳಲ್ಲಿ 3 ಮಕ್ಕಳಿಗೆ ಆಟಿಸಂ ಎಂದು ಗುರುತಾಗಿತ್ತು. ಇನ್ನೊಂದು ಗುಂಪಿನ 44ರಲ್ಲಿ 9 ಮಕ್ಕಳಿಗೆ. ‘ಆಟಿಸಂ ತಡೆಗೆ ದಾರಿ’ ಎಂಬ ಅರ್ಥದಲ್ಲಿ ಇದು ಸುದ್ದಿಯಾದದ್ದು ನನಗೆ ಸರಿ ಕಾಣಲಿಲ್ಲ. ಸಂಖ್ಯೆ ಚಿಕ್ಕದು, ಕೆಲವೇ ಮಕ್ಕಳ ಫಲಿತಾಂಶ ಆಚೀಚೆಯಾದರೆ ಲೆಕ್ಕ ಬದಲಾಗುತ್ತದೆ. ಗುರುತಿನ ಗೆರೆಯ ಕೆಳಗೆ ಉಳಿದ ಮಗುವಿಗೂ ಆಟಿಸಂ ಸ್ವಭಾವ ಇರಬಹುದು, ಶಾಲೆಗೆ ಹೋದಾಗ ಅದಕ್ಕೂ ನೆರವು ಬೇಕಾಗಬಹುದು. ಆದರೆ ಈ ಅಧ್ಯಯನದಲ್ಲಿ ಒಂದು ದೊಡ್ಡ ಸಂಗತಿ ಇದೆ. ಹೆಸರು ಇಡುವ ಮೊದಲೇ ನೆರವು ಶುರುವಾಯಿತು.

ಇದಕ್ಕೆ ದೊಡ್ಡ ತಜ್ಞರೇ ಬೇಕೇ? ಗೋವಾ ಮತ್ತು ರಾವಲ್ಪಿಂಡಿಯಲ್ಲಿ ನಡೆದ ‘ಪಾಸ್’ ಪ್ರಯೋಗ ಈ ಪ್ರಶ್ನೆಯನ್ನೇ ಕೇಳಿತು. 65 ಮಕ್ಕಳು. ಪ್ಯಾಕ್ಟ್ ವಿಧಾನವನ್ನು ಸ್ಥಳೀಯ ಮನೆಗಳಿಗೆ ಹೊಂದಿಸಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರ ಕೈಗೆ ಕೊಟ್ಟರು. ಪೋಷಕರು ಮಗುವಿಗೆ ಸ್ಪಂದಿಸುವ ರೀತಿ ಬದಲಾಯಿತು. ಮಗು ತಾನಾಗಿ ಮಾತುಕತೆ ಶುರು ಮಾಡುವುದೂ ಹೆಚ್ಚಿತು. ಎಲ್ಲ ಅಳತೆಗಳೂ ಒಂದೇ ಕಡೆ ಸಾಗಲಿಲ್ಲ, ಅಧ್ಯಯನವೂ ಚಿಕ್ಕದು. ಆದರೂ ತಜ್ಞರಿಲ್ಲದ ಕಡೆ ಏನೂ ಮಾಡಲು ಆಗುವುದಿಲ್ಲ ಎಂಬ ನೆಪ ಇದರಿಂದ ಬಿದ್ದುಹೋಯಿತು.

ಇದನ್ನೆಲ್ಲ ಕ್ಲಿನ್ ಅವರ ಸಂಶೋಧನೆಯ ಪಕ್ಕದಲ್ಲಿ ಇಟ್ಟು ನೋಡಿ. ಮಗು ಎತ್ತ ನೋಡುತ್ತದೋ ಅತ್ತ ಬೆಳೆಯುತ್ತದೆ ಎಂದು ಅವರ ಕೆಲಸ ಹೇಳಿತು. ಹಾಗಾದರೆ ಮಗು ನೋಡುತ್ತಿರುವ ಕಡೆಗೆ ದೊಡ್ಡವರು ಹೋಗಿ ಸೇರಿಕೊಳ್ಳಬೇಕು ಎಂದು ಗ್ರೀನ್, ವೈಟ್‌ಹೌಸ್ ಅವರ ಕೆಲಸ ತೋರಿಸಿತು. ಈ ಎರಡು ಒಂದಕ್ಕೊಂದು ಪೂರಕ. ಹಣ ಮತ್ತು ಗಮನ ಮಾತ್ರ ಎರಡಕ್ಕೂ ಸಮನಾಗಿ ಹರಿಯುತ್ತಿಲ್ಲ. ಯಂತ್ರವನ್ನು ಮಾರಬಹುದು. ಮನೆಗೆ ಬಂದು, ವಿಡಿಯೋ ಮುಂದೆ ಕೂತು, ‘ಇಲ್ಲಿ ನೋಡಿ, ಅವನು ಚೆಂಡು ಎತ್ತಿ ನಿಮ್ಮನ್ನೇ ನೋಡಿದ’ ಎಂದು ತಾಯಿಗೆ ತೋರಿಸುವ ಕಾರ್ಯಕರ್ತೆಗೆ ಸಂಬಳ ಕೊಡಲು ಕಂಪನಿಗಳು ಬರುವುದಿಲ್ಲ. ಅದು ಸರ್ಕಾರಗಳ ಕೆಲಸ.

ಮನೆಯಲ್ಲಿ ಒಂದು ವರ್ಷದ ಮಗು ಹೆಸರು ಕರೆದರೆ ತಿರುಗುತ್ತಿಲ್ಲ, ಹದಿನೈದು-ಹದಿನೆಂಟು ತಿಂಗಳಾದರೂ ಬೆರಳು ಮಾಡಿ ತೋರಿಸುತ್ತಿಲ್ಲ, ಆಡುತ್ತಿದ್ದ ಮಾತನ್ನೋ ಸನ್ನೆಯನ್ನೋ ಬಿಟ್ಟಿದೆ ಎಂದಾದರೆ ‘ಗಂಡುಮಕ್ಕಳು ನಿಧಾನ, ಕಾದು ನೋಡಿ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವುದು ಕೇಳಿಸದ ತೊಂದರೆ. ಅದರ ಜೊತೆಗೇ ಮಾತು ಮತ್ತು ಬೆಳವಣಿಗೆಯ ನೆರವು ಕೇಳಿ. ನಾಳೆ ಆಟಿಸಂ ಅಲ್ಲ ಎಂದು ಗೊತ್ತಾದರೂ ಈ ನೆರವಿನಿಂದ ಮಗುವಿಗೆ ನಷ್ಟವಿಲ್ಲ. ಇದು ಯಾವುದಕ್ಕೂ ಆಟಿಸಂ ಎಂಬ ಚೀಟಿ ಕೈಗೆ ಬರುವ ತನಕ ಕಾಯಬೇಕಾಗಿಲ್ಲ. ಕಾಯಿರಿ ಎಂದು ಯಾರಾದರೂ ಹೇಳಿದರೆ, ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.